ಗುಡ್ಡ ಹತ್ತಿಸಿದ ಸೋಮವಾರ

೪, ಸೋಮವಾರ. ಬೆಳಗ್ಗೆ

ಇವತ್ತು ಉಪವಾಸ. ನೀರು ಮಾತ್ರ. ಅಂಗಳ ಗುಡಿಸಿದೆ, ಬಕೆಟ್ಟುಗಳಿಗೆ ನೀರು ತುಂಬಿಸಿದೆ, ತಮ್ಮನ ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು ದೀಪ ಹಚ್ಚಿದೆ. ಕೈಮುಗಿದಾಗ ಕೇಳಬಾರದ್ದನ್ನು ಕೇಳಿಬಿಟ್ಟೆ — ನನ್ನದು ಅನ್ನುವ ಒಂದು ಮನೆ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು. ಅಡುಗೆಮನೆ ಪಕ್ಕದ ಪ್ಯಾಸೇಜಿನಲ್ಲಿ ಹಾಸಿಗೆ.

ಪಕ್ಕದ ಮನೆ ಟೈಲರಮ್ಮ ಒಂದು ಸಂಬಂಧ ತಂದಿದ್ದಾಳೆ. ಗಡಿಯಾರ ರಿಪೇರಿ ಅಂಗಡಿಯವರು. ಹೆಂಡತಿ ತೀರಿಹೋಗಿದ್ದಾಳೆ, ಮಕ್ಕಳಿಲ್ಲ, ವಯಸ್ಸಾದ ತಾಯಿ ಒಬ್ಬರು. ಬರುವ ಸೋಮವಾರ ಅಂಗಡಿಗೆ ರಜೆ, ಊರಾಚೆಯ ಗುಡ್ಡ ಹತ್ತಿ ಬರೋಣ, ಮಾತಾಡಿದ ಹಾಗೂ ಆಗುತ್ತದೆ ಎಂದು ಹೇಳಿ ಕಳಿಸಿದ್ದಾರಂತೆ.

"ಈ ವಯಸ್ಸಲ್ಲಿ ಗುಡ್ಡ ಯಾಕೆ ಮಾರಾಯ್ತಿ?" ಎಂದೆ.

"ಯಾಕಕ್ಕಾ, ಸಿನಿಮಾಕ್ಕೆ ಕರೆದಿದ್ರೆ ಹೋಗ್ತಿದ್ರಾ?"

ನಗು ಬಂತು. ಹೋಗುತ್ತೇನೆ ಎಂದೂ ಹೇಳಿಬಿಟ್ಟೆ.

೭, ಗುರುವಾರ

ತಮ್ಮನ ಹೆಂಡತಿ ನನ್ನ ಹಾಸಿಗೆಯ ಜಾಗವನ್ನು ಟೇಪು ಹಿಡಿದು ಅಳೆದಳು. "ವಾಷಿಂಗ್ ಮೆಷಿನ್ ಸರಿಯಾಗಿ ಕೂರತ್ತೆ ಅತ್ತಿಗೆ." ನಾನಿನ್ನೂ ಹೂಂ ಅಂದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ.

೧೧, ಸೋಮವಾರ. ಸಂಜೆ

ಉಪವಾಸದಲ್ಲೇ ಹತ್ತಿ ಬಂದೆ. ಟೈಲರಮ್ಮ ಬುಡದ ಚಹಾದಂಗಡಿಯಲ್ಲೇ ಕೂತಳು. ಗುಡ್ಡ ಅಂಥ ದೊಡ್ಡದಲ್ಲ, ಆದರೆ ಕಡಿದು. ಮೊದಲು ಜಲ್ಲಿಕಲ್ಲು, ಆಮೇಲೆ ಬರೀ ಬಂಡೆ.

"ನೀವು ಮುಂದೆ ನಡೀರಿ. ಜಾರಿದ್ರೆ ನಾನು ಹಿಡ್ಕೋತೀನಿ," ಎಂದರು ಗಡಿಯಾರದವರು. ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು. ನೀರಿನ ಬಾಟಲಿಗಳ ಚೀಲ ನನ್ನ ಕೈಗೇ ಕೊಟ್ಟರು. ಹೊತ್ತೆ. ಮಂಡಿ ನೋಯ್ತದಾ, ಸೊಂಟ ಹೇಗಿದೆ — ಮತ್ತೆ ಮತ್ತೆ ಕೇಳಿದರು. ನನ್ನ ಸೊಂಟದ ಸುದ್ದಿ ಕೇಳುವವರೂ ಇದ್ದಾರೆ ಅನ್ನಿಸಿತು.

ಅರ್ಧ ದಾರಿಯಲ್ಲಿ ಒಂದು ಕಲ್ಲುಬೆಂಚು. "ಕೂರ್ತೀರಾ?"

"ಬೇಡ, ಕೂತರೆ ಏಳೋಕೆ ಮನಸ್ಸಾಗಲ್ಲ."

ಅವರ ಮುಖ ಅರಳಿತು.

ತುದಿ... ಏನು ಹೇಳಲಿ. ಕೆರೆ ಒಂದು ಕೈಗನ್ನಡಿ. ರೈಲು ಇರುವೆ ಸಾಲು. ಮೋಡದ ನೆರಳು ಹೊಲಗಳ ಮೇಲೆ ಮೇಯುತ್ತಾ ಹೋಗುತ್ತಿತ್ತು. ನಮ್ಮ ಬೀದಿಯನ್ನೇ ಹುಡುಕಲಾಗಲಿಲ್ಲ, ಇನ್ನು ಆ ಪ್ಯಾಸೇಜು ಎಲ್ಲಿ. ದೇವರು ಕೂತು ನೋಡುವುದು ಇಲ್ಲಿಂದಲೇ ಇರಬೇಕು ಎಂದು ಬಾಯಿಬಿಟ್ಟು ಹೇಳಿದೆ. ಕೈ ಚಾಚಿ ಕೆರೆ ತೋರಿಸಿದೆ.

"ಹೊಟ್ಟೆಗಿಲ್ಲದೆ ಇಷ್ಟು ಹತ್ತಿದ್ರಲ್ಲ! ಗಟ್ಟಿ ಜೀವ," ಎಂದರು.

ಕೆನ್ನೆ ಬಿಸಿಯಾಯಿತು. ಐವತ್ತರಲ್ಲಿ!

೧೨, ಮಂಗಳವಾರ

ಟೈಲರಮ್ಮ ಕತ್ತರಿ ಹಿಡಿದೇ ಓಡಿ ಬಂದಳು. "ಪಾಸಾದ್ರಿ ಕಣಕ್ಕಾ! ಹಿಂದೆ ಅವರು ಕರ್ಕೊಂಡು ಹೋದವಳು ಬೆಂಚಿನ ಹತ್ರಾನೇ ಕೂತುಬಿಟ್ಳಂತೆ. ಅದಕ್ಕೂ ಮುಂಚಿನವಳು ಚೀಲ ಹೊರಲ್ಲ ಅಂದ್ಳಂತೆ."

"ಯಾವುದರಲ್ಲಿ ಪಾಸು?"

ನಾಲಿಗೆ ಕಚ್ಚಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ತಾಯಿ ಹಾಸಿಗೆ ಹಿಡಿದಿದ್ದಾರೆ. ಭಾರಿ ಮೈ. ಎತ್ತಬೇಕು, ಕೂರಿಸಬೇಕು, ತೊಳೆಯಬೇಕು. ಮಹಡಿ ಮನೆ, ನೀರು ಕೆಳಗಿನಿಂದ ಹೊರಬೇಕು. ಕೆಲಸದವರು ಯಾರೂ ನಿಲ್ಲುತ್ತಿಲ್ಲ.

"ಮುಂಚೇನೇ ನೋಡ್ಕೊಂಡ್ರೆ ತಪ್ಪೇನಕ್ಕಾ? ಆಮೇಲೆ ಇಬ್ಬರಿಗೂ ಕಷ್ಟ ಅಲ್ವಾ?"

ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ. ನನ್ನ ಹಲ್ಲು ನೋಡಲಿಲ್ಲವಲ್ಲ, ಅಷ್ಟು ಮರ್ಯಾದೆ.

೧೮, ಸೋಮವಾರ

ಉಪವಾಸ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ದೀಪ ಹಚ್ಚಿದೆ. ಏನೂ ಕೇಳಲಿಲ್ಲ. ಕೇಳಿದ್ದನ್ನು ಕೊಟ್ಟೆನಲ್ಲ ಎಂದು ದೇವರು ಅಂದುಬಿಟ್ಟರೆ?

ಸಿಟ್ಟು ಬಂದದ್ದು ಪರೀಕ್ಷೆ ಮಾಡಿದ್ದಕ್ಕಲ್ಲ. ಕೆರೆ ತೋರಿಸಿದಾಗ ಅವರೂ ಕೆರೆಯನ್ನೇ ನೋಡುತ್ತಿದ್ದಾರೆ ಅಂದುಕೊಂಡೆನಲ್ಲ, ಅದಕ್ಕೆ. ಅವರು ನೋಡುತ್ತಿದ್ದದ್ದು ನನ್ನ ಉಸಿರು.

ಇವತ್ತೇ ಉತ್ತರ ಬೇಕಂತೆ. ತಮ್ಮ ಮೆಲ್ಲಗೆ ಬಂದ. "ಒಪ್ಕೋ ಅಕ್ಕ. ಇಲ್ಲಿ ಮಾಡೋದನ್ನೇ ಅಲ್ಲಿ ಮಾಡ್ತೀಯ, ಅಷ್ಟೇ ತಾನೆ?"

"ಇಲ್ಲಿ ಏನು ಮಾಡ್ತಿದೀನಿ, ನಿನ್ನ ಬಾಯಲ್ಲೇ ಹೇಳು."

ಚಪ್ಪಲಿ ಹುಡುಕುತ್ತಾ ಹೊರಗೆ ಹೋದ. ಕಾಲಲ್ಲೇ ಇತ್ತು.

ಮೆಷಿನ್ ನಾಳಿದ್ದು ಬರುತ್ತದಂತೆ. ಹಾಸಿಗೆ ಈಗಾಗಲೇ ಸುತ್ತಿಟ್ಟಿದ್ದಾರೆ.

ಉತ್ತರ ಚೀಟಿಯಲ್ಲಿ ಬರೆದಿದ್ದೇನೆ. ಮದುವೆ ಬೇಡ. ತಾಯಿಯವರನ್ನು ನೋಡಿಕೊಳ್ಳುತ್ತೇನೆ. ತಿಂಗಳು ತಿಂಗಳು ಸಂಬಳ, ನನಗೊಂದು ಕೋಣೆ, ಸೋಮವಾರ ರಜೆ. ಹೆಂಡತಿ ಅನ್ನುವ ಹೆಸರಿಟ್ಟು ಪುಕ್ಕಟೆ ದುಡಿಸಿಕೊಳ್ಳುವುದಾದರೆ ಬೆಂಚಿನ ಮೇಲೆ ಕೂತವಳೇ ಜಾಣೆ.

ನಾನಾಗಿ ಹೋಗಿ ಕೊಡುವುದಿಲ್ಲ. ಗುಡ್ಡ ಹತ್ತಿ ತೋರಿಸಿದ್ದಾಯಿತು, ಅವರ ಮಹಡಿಯನ್ನೂ ಹತ್ತಿ ತೋರಿಸಲಾರೆ. ಟೈಲರಮ್ಮನ ಹೊಲಿಗೆ ಮೆಷಿನ್ ಸದ್ದು ಕೇಳುತ್ತಿದೆ. ಯಾರಾದರೂ ಅವಳನ್ನು ಕೂಗಿ ಕರೆಯಿರಿ, ಅವಳು ಬಂದು ಈ ಚೀಟಿ ತೆಗೆದುಕೊಂಡು ಹೋಗಲಿ, ಬೇಗ, ನಾನು ಮನಸ್ಸು ಬದಲಿಸುವ ಮುಂಚೆ.