ಹುಣಸೆಮರದ ಕಡೆಯ ಕೋಣೆ

ಎವಾರಿಸ್ತೋ,

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ನೀನು ಸ್ಯಾನ್ ಡಿಯೇಗೋ ಕೇರಿಯಲ್ಲಿ ಆರಿಸಿದ್ದ ಹೋಟೆಲ್ ನನಗೆ ಬೇಡ. ನಮ್ಮ ಹಳೆಯ ಕೇರಿ ಗೆತ್ಸೆಮನಿಯಲ್ಲಿ ನಾವು ಮಾರಿದ ಮನೆಯೇ ಈಗ ಹೋಟೆಲ್ ಆಗಿದೆಯಲ್ಲ, ಅಲ್ಲೇ ಕೋಣೆ ಹಿಡಿದಿದ್ದೇನೆ. ಬಯ್ಯಬೇಡ. ಸೋಮವಾರ ಅಂಗಳದ ಹುಣಸೆಮರ ಕಡಿದು ಈಜುಕೊಳ ತೋಡುತ್ತಾರಂತೆ. ನಮ್ಮ ವಿಲ್ಮರ್ ಹುಟ್ಟಿದಾಗ ಅವನ ಹೊಕ್ಕುಳಬಳ್ಳಿ ಹೂತದ್ದು ಅದರ ಬುಡದಲ್ಲೇ. ಸಮುದ್ರವಂತೂ ಅವನ ಹೆಣವನ್ನೂ ನಮಗೆ ಕೊಡಲಿಲ್ಲ. ಒಂದು ಹಿಡಿ ಮಣ್ಣಾದರೂ ತರುತ್ತೇನೆ.

ಸಣ್ಣ ಗುದ್ದಲಿ ನನ್ನ ಚೀಲದಲ್ಲಿದೆ, ಮನೆಯೆಲ್ಲ ಹುಡುಕಬೇಡ. ಕೋಳಿಸಾರು ಒಲೆಯ ಮೇಲಿದೆ. ಮಾತ್ರೆ ಮರೆತೀಯ, ಮುದುಕಾ. ಮನಸ್ಸಾದರೆ ಸಂಜೆ ಬಾ.

ಫೋನಿನಲ್ಲಿ ಹೋಟೆಲಿನ ಹುಡುಗಿ, "ನಮ್ಮ ಗೆತ್ಸೆಮನಿಗೆ ಇದೇ ಮೊದಲ್ನೇ ಸಲ ಬರ್ತಿರೋದಾ ಅಮ್ಮಾ?" ಅಂದಳು.

ಹೌದು ಮಗಳೇ ಅಂದೆ.

ಎದಿಲ್ಮಾ