ಯಾರೂ ಹಿಡಿದಿರದ ಸದ್ದು

ಪ್ರೀತಿಯ ಅಕ್ಕನಿಗೆ,
ಶುಕ್ರವಾರ, ಹದಿನಾಲ್ಕನೇ ತಾರೀಖು

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಭಾವ ಎತ್ತಿ, "ಅವಳಿಗೆ ಈಗ ಮಾತೇ ಬೇಡ್ವಂತೆ" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿದ್ದರೂ ಕೊನೆಯವರೆಗೆ ಓದು. ಮೂರನೇ ತಾರೀಖು ನಿನ್ನ ವಾರ್ಡಿನಲ್ಲಿ ಅಲಾರಂ ಹೊಡೆಯಲಿಲ್ಲ. ನೀನು ಹೇಳಿದ್ದು ನಿಜ. ಅದರ ಬಾಯಿ ಕಟ್ಟಿದವಳು ನಾನು.

ಆ ಬೆಳಿಗ್ಗೆ ನೀನು ರೋಗಿಗಳ ನಾಡಿ ತೋರಿಸುವ ಕಂಪ್ಯೂಟರ್ ಪರದೆಗೆ ಬೆನ್ನು ಹಾಕಿ ಕೊನೆಯ ಹಾಸಿಗೆಯ ಅಜ್ಜಿಗೆ ಬ್ಯಾಂಡೇಜ್ ಬದಲಿಸುತ್ತಿದ್ದೆ. ಏಳನೇ ಹಾಸಿಗೆಯ ನಿವೃತ್ತ ಬಸ್ ಡ್ರೈವರ್ ನಾಡಿ ಕುಸಿಯಿತು. ಪರದೆ ಕೆಂಪಾಯಿತು, ಸದ್ದು ಮಾತ್ರ ಬರಲಿಲ್ಲ. ನಾಲ್ಕು ನಿಮಿಷ ಹಾಗೇ ಕಳೆಯಿತು. ನೀನು ತಿರುಗಿ ನೋಡಿ ಓಡಿದ್ದರಿಂದ ಅವರು ಉಳಿದರು. ಬಲಗೈ ಇನ್ನೂ ಏಳುತ್ತಿಲ್ಲ. ಯಂತ್ರದ ದಾಖಲೆಯಲ್ಲಿ 'ಅಲಾರಂ ಕಳುಹಿಸಲಾಗಿದೆ' ಎಂದಿತ್ತು. ಅಲಾರಂ ಕೇಳಿಯೂ ನೀನು ಓಡಲಿಲ್ಲವೆಂದು ನಿನ್ನನ್ನು ಕೆಲಸದಿಂದ ದೂರ ಇಟ್ಟರು. ಮಂಗಳವಾರ ಆಸ್ಪತ್ರೆಯ ವಿಚಾರಣಾ ಸಮಿತಿಗೆ ನಮ್ಮ ಕಂಪನಿಯಿಂದ ಹೋದ ವರದಿ, 'ತಂತ್ರಾಂಶದಲ್ಲಿ ದೋಷವಿಲ್ಲ' ಎಂದಿತು. ಅದರ ಕೆಳಗಿನ ಸಹಿ ನನ್ನದು.

ಏನಾಯಿತೆಂದು ಹೇಳುತ್ತೇನೆ. ನಾವು ಪ್ರೋಗ್ರಾಂ ಬರೆಯುವ ಭಾಷೆಯಲ್ಲಿ ಕಂಪ್ಯೂಟರಿನ ನೆನಪನ್ನು ತಾನಾಗಿ ಗುಡಿಸುವ ಏರ್ಪಾಡಿದೆ. ಅದು ಆಗಾಗ ಬಂದು, ನಾವು ವಸ್ತು ಎನ್ನುವ ಪ್ರೋಗ್ರಾಮಿನ ಪ್ರತಿ ತುಣುಕನ್ನೂ, ಇದನ್ನು ಯಾರಾದರೂ ಹಿಡಿದಿದ್ದಾರೆಯೇ ಎಂದು ನೋಡುತ್ತದೆ. ಹಿಡಿದಿದ್ದರೆ ಬಿಡುತ್ತದೆ, ಇಲ್ಲದಿದ್ದರೆ ಗುಡಿಸಿ ಎಸೆಯುತ್ತದೆ. ನಮ್ಮಲ್ಲಿ ರೋಗಿ ಮನೆಗೆ ಹೋದರೂ ಅವರ ಹಾಸಿಗೆಯ ವಸ್ತುಗಳನ್ನು ಒಂದು ಪಟ್ಟಿ ಹಿಡಿದುಕೊಂಡೇ ಇರುತ್ತಿತ್ತು. ಕಸ ತುಂಬಿ ಮೂರು ದಿನಕ್ಕೊಮ್ಮೆ ಪರದೆ ಸ್ತಬ್ಧವಾಗುತ್ತಿತ್ತು. ನೀನೇ ಎಷ್ಟು ಸಲ ಬೈದಿದ್ದೀಯ. ಅದನ್ನು ಸರಿಮಾಡಲು ಪಟ್ಟಿಯ ಹಿಡಿತವನ್ನು ಸಡಿಲ ಮಾಡಿದೆ. ಇದಕ್ಕೆ ವೀಕ್ ರೆಫರೆನ್ಸ್ ಎನ್ನುತ್ತೇವೆ. ವಸ್ತು ಎಲ್ಲಿದೆ ಎಂದು ಪಟ್ಟಿಗೆ ಗೊತ್ತಿರುತ್ತದೆ, ಆದರೆ ಗುಡಿಸಲು ಬಂದಾಗ ಆ ಹಿಡಿತ ಲೆಕ್ಕಕ್ಕೆ ಬರುವುದಿಲ್ಲ.

ಕೆಂಪು ಬಣ್ಣ ತೋರಿಸುವ ವಸ್ತುವನ್ನು ಪರದೆಯೂ ಹಿಡಿದಿತ್ತು, ಅದು ಉಳಿಯಿತು. ಸದ್ದು ಮಾಡುವ ವಸ್ತುವನ್ನು ಆ ಪಟ್ಟಿಯ ಹೊರತು ಬೇರೆ ಯಾರೂ ಹಿಡಿದಿರಲಿಲ್ಲ. ನಾನದನ್ನು ಗಮನಿಸಲಿಲ್ಲ. ಹತ್ತು ನಿಮಿಷ ಪರೀಕ್ಷಿಸಿದೆ, ಅಲಾರಂ ಚೆನ್ನಾಗಿಯೇ ಹೊಡೆಯಿತು. ಗುಡಿಸುವ ಹೊತ್ತು ಇನ್ನೂ ಬಂದಿರಲಿಲ್ಲ, ಅಷ್ಟೇ. ನಿನ್ನ ವಾರ್ಡಿನಲ್ಲಿ ಬಂತು. ಯಂತ್ರ ಅಲಾರಂ ಕಳಿಸಿ ಹಾಗೆಂದು ಬರೆದುಕೊಂಡಿತು, ಅದನ್ನು ಸದ್ದಾಗಿಸುವ ವಸ್ತು ಮಾತ್ರ ಅಲ್ಲಿರಲಿಲ್ಲ.

ನಿನ್ನೆ ಇದನ್ನು ಕಂಡುಕೊಂಡೆ. ನನ್ನ ಮೇಜಿನಲ್ಲೇ ಬಲವಂತವಾಗಿ ಗುಡಿಸುವಂತೆ ಮಾಡಿ, ಸುಳ್ಳು ನಾಡಿಯೊಂದನ್ನು ಇಳಿಸಿದೆ. ಪರದೆ ಕೆಂಪಾಯಿತು. ಸ್ಪೀಕರಿಗೆ ಕಿವಿ ಹಚ್ಚಿ ಕೂತೆ. ಏನೂ ಇಲ್ಲ.

ನಮ್ಮ ಕಂಪನಿಯ ಮುಖ್ಯಸ್ಥರ ಕೋಣೆಗೆ ಹೋಗಿ ಹೇಳಿದೆ. ಅವರು ಬಾಗಿಲು ಹಾಕಿ, "ವಿಚಾರಣೆ ಮುಗೀಲಿ. ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸಿಬಿಡೋಣ. ಈಗ್ಯಾಕೆ ಮೈಮೇಲೆ ಎಳ್ಕೋಬೇಕು" ಎಂದರು. "ಅಷ್ಟರಲ್ಲಿ ಇನ್ನೊಬ್ಬರ ಜೀವ ಹೋದ್ರೆ?" ಎಂದೆ. ಅವರು ಎದ್ದು ಬಾಗಿಲು ತೆರೆದು ಹಿಡಿದರು.

ಅದೇ ತಂತ್ರಾಂಶ ಆರು ಆಸ್ಪತ್ರೆಗಳಲ್ಲಿ ಓಡುತ್ತಿತ್ತು. ನನ್ನ ಮೇಜಿಗೆ ಬಂದು ಒಂದೊಂದಕ್ಕೂ ಫೋನ್ ಹಚ್ಚಿದೆ. ನಾಲ್ಕನೆಯ ಕಡೆ ಎತ್ತಿದ ನರ್ಸ್ ವಯಸ್ಸಾದವರು. "ಇಲ್ಲಿ ಹನ್ನೆರಡು ಜನ ಮಲಗಿದ್ದಾರೆ, ಸದ್ದು ಬರಲ್ಲ ಅಂದ್ರೆ ಏನಮ್ಮ ಅರ್ಥ?" ಎಂದರು. ಪರೀಕ್ಷೆಯ ಗುಂಡಿ ಒತ್ತಲು ಹೇಳಿದೆ. ಫೋನಿನಲ್ಲಿ ಯಾರದೋ ಕೆಮ್ಮು ಕೇಳಿಸಿತು, ತಳ್ಳುಗಾಡಿಯ ಗಾಲಿ ಕಿರುಗುಟ್ಟಿತು. ಆಮೇಲೆ ಅವರ ದನಿ ಸಣ್ಣದಾಯಿತು: "ಬರ್ತಿಲ್ಲ ಕಣಮ್ಮ." ನಾನು ಸರಿಮಾಡುವವರೆಗೆ ಒಬ್ಬರಾದರೂ ಪರದೆಯ ಮುಂದೆಯೇ ಇರಿ ಎಂದು ಬೇಡಿಕೊಂಡೆ.

ಸಂಜೆಯೊಳಗೆ ಸರಿಮಾಡಿದೆ. ರೋಗಿ ಹಾಸಿಗೆ ಬಿಡುವವರೆಗೂ ಸದ್ದಿನ ವಸ್ತುವನ್ನು ಪರದೆಯೂ ಗಟ್ಟಿಯಾಗಿ ಹಿಡಿದಿರುತ್ತದೆ. ಆರೂ ಕಡೆ ಹಾಕಿಸಿ, ಗುಡಿಸಿದ ಮೇಲೂ ಅಲಾರಂ ಹೊಡೆಯುವುದನ್ನು ಫೋನಿನಲ್ಲೇ ಕೇಳಿಸಿಕೊಂಡೆ.

ಇಂದು ಬೆಳಿಗ್ಗೆ ಸಮಿತಿಗೆ ಲಿಖಿತ ಹೇಳಿಕೆ ಕೊಟ್ಟು, ನನ್ನ ವರದಿಯನ್ನು ಹಿಂತೆಗೆದುಕೊಂಡೆ. ನಿನ್ನ ಮೇಲಿನ ಆರೋಪ ಬಿಡುವುದಾಗಿ ಅಧ್ಯಕ್ಷೆ ಹೇಳಿದರು. ಸೋಮವಾರ ಪತ್ರ ಬರುತ್ತದಂತೆ. ಮುಖ್ಯಸ್ಥರು ನನ್ನನ್ನು ಮನೆಗೆ ಕಳಿಸಿದ್ದಾರೆ. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ.

ಡ್ರೈವರ್ ಮಗಳನ್ನು ನೋಡಲು ನಾನೇ ಹೋಗುತ್ತೇನೆ. ನೀನು ಜೊತೆಗೆ ಬರಬೇಕಿಲ್ಲ.

ನಿನ್ನ ತಂಗಿ,
ಚಿಕ್ಕಿ

ತಾ.ಕ.: ನಿನ್ನೆ ಕಂಡುಕೊಂಡೆ ಎಂದು ಬರೆದದ್ದು ಸುಳ್ಳು. ಸೋಮವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಗೊತ್ತಿದ್ದೂ ಮಂಗಳವಾರ ಸಹಿ ಹಾಕಿದೆ. ಬುಧವಾರವೂ ಸುಮ್ಮನಿದ್ದೆ. ಮುಖ್ಯಸ್ಥರಿಗೆ ಹೇಳಿದ್ದು, ಫೋನ್ ಹಚ್ಚಿದ್ದು ಮಾತ್ರ ನಿನ್ನೆ. ಸಮಿತಿಗೆ ನಿಜವಾದ ತಾರೀಖನ್ನೇ ಕೊಟ್ಟಿದ್ದೇನೆ ಅಕ್ಕ. ನಿನಗೆ ಬರೆಯುವಾಗ ಮಾತ್ರ ಕೈ ಬರಲಿಲ್ಲ.