ಮೌನ ಸಮ್ಮತಿ

ಮಾಧವರಂ, ಚೆನ್ನೈ
ಶುಕ್ರವಾರ, 14 ನವೆಂಬರ್ 2025

ನನ್ನ ಅಮ್ಮನಿಗೆ,

ನಿನ್ನ ಮಗಳು ಮೌನಳ ನಮಸ್ಕಾರ. ಲಕೋಟೆ ನೋಡಿದ ಕೂಡಲೇ ಯಾರಿಗೇನಾಯಿತೋ ಎಂದು ಎದೆ ಹಿಡಿದುಕೊಳ್ಳಬೇಡ. ನಾನು, ನಿನ್ನ ಅಳಿಯ ಅಭಿಲಾಷ್, ಪ್ರಣಮ್ಯಾ ಮೂವರೂ ಆರೋಗ್ಯವಾಗಿದ್ದೇವೆ. ಪ್ರತಿ ವರ್ಷ ನನ್ನ ಹುಟ್ಟಿದ ದಿನಕ್ಕೆ ‘ಮುದ್ದು ಮೌನ’ ಎಂದು ಶುರುಮಾಡಿ ನೀನು ಕಾಗದ ಬರೆಯುತ್ತೀಯ, ನಾನು ಫೋನಿನಲ್ಲಿ ಸಿಕ್ಕಿತು ಎಂದಷ್ಟೇ ಹೇಳಿ ಮುಗಿಸುತ್ತೇನೆ. ಈ ಸಲ ನಾನೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಚಿಕ್ಕಮ್ಮ ಸ್ಪೀಕರ್ ಹಾಕಿಬಿಡುತ್ತಾಳೆ. ನೀನಿರುವುದು ಅವಳ ಮನೆಯಲ್ಲಿ, ಬೇಡ ಅನ್ನುವ ಹಾಗೂ ಇಲ್ಲ. ಅದೂ ಅಲ್ಲದೆ, ಇಂಥ ವಿಷಯ ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ.

ಅಮ್ಮ, ನನಗೆ ಭಯವಾಗಿದೆ. ಒಂದು ತಿಂಗಳಿಂದ ಇದೇ ಭಯ. ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಸಾಕು, ಒಲೆಯ ಮೇಲೆ ಇಟ್ಟದ್ದು ಮರೆತುಹೋಗುತ್ತದೆ. ಬೆಲ್ ಆದರೆ ಪ್ರಣಮ್ಯಾಳನ್ನೇ ಬಾಗಿಲಿಗೆ ಕಳಿಸುತ್ತೇನೆ. ಒಂಬತ್ತು ವರ್ಷದ ಮಗುವನ್ನು ಮುಂದೆ ಬಿಟ್ಟು ಅಡುಗೆಮನೆಯಲ್ಲಿ ನಿಲ್ಲುವ ತಾಯಿ ನಾನು. ಅವಳು ತಮಿಳಿನಲ್ಲಿ ‘ತಾತಾ ಬಂದಿದ್ದಾರೆ’ ಎಂದು ಕೂಗಿದರೆ ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಅವಳು ತಾತಾ ಅನ್ನುವುದು ನಮ್ಮ ಮನೆಯ ಓನರ್ ರಘುರಾಮರನ್ನು.

ನಮ್ಮ ಕಾಲೊನಿ ಹೆಸರಿಗೆ ಚೆನ್ನೈಯಲ್ಲಿದೆ, ನಡೆಯುವುದು ಮಾತ್ರ ಒಂದು ಸಣ್ಣ ಊರಿನ ಹಾಗೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹೋಟೆಲು ಮಾಡಿದವರು ನಲವತ್ತು ವರ್ಷದ ಹಿಂದೆ ಜಾಗ ಹಿಡಿದು ಕಟ್ಟಿದ ನೂರರವತ್ತು ಮನೆಗಳು. ಬೋರ್‌ವೆಲ್ ನಮ್ಮದೇ, ಕಾವಲುಗಾರ ನಮ್ಮವನೇ, ಸಂಘವೂ ಇದೆ. ಮಕ್ಕಳೆಲ್ಲ ತಮಿಳಿನಲ್ಲಿ ಆಡಿ ತಮಿಳಿನಲ್ಲಿ ಜಗಳವಾಡುತ್ತವೆ, ಆದರೆ ಸಂಘದ ನಡಾವಳಿ ಪುಸ್ತಕ ಇವತ್ತಿಗೂ ಕನ್ನಡದಲ್ಲೇ ಇದೆ. ಸಂಘದ ಅಧ್ಯಕ್ಷರು ರಘುರಾಮರು. ಇಪ್ಪತ್ತು ವರ್ಷದಿಂದ ಅವರೇ.

ಅವರು ಕೆಟ್ಟವರು ಅಂತ ತಿಳಿಯಬೇಡ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾವು ಮನೆಗೆ ಬಂದಾಗ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಕಡೆ ನಾಲ್ಕು ತಿಂಗಳದ್ದು ಸಾಕು ಎಂದವರು. ಪ್ರಣಮ್ಯಾಳಿಗೆ ಜ್ವರ ಬಂದಾಗ ತಮ್ಮ ಹೋಟೆಲಿನಿಂದ ಮೂರು ದಿನ ಗಂಜಿ ಕಳಿಸಿದವರು.

ಅಕ್ಟೋಬರ್ 12ರ ಭಾನುವಾರ ಸಂಘದ ಹಾಲ್‌ನಲ್ಲಿ ಸಭೆ ಇತ್ತು. ಸಂಘದ ಹಣಕಾಸು ಸಮಿತಿಗೆ ಮೂವರು ಬೇಕಾಗಿತ್ತು. ಅವರನ್ನು ಹೇಗೆ ಆರಿಸಬೇಕೆಂದು ಎಲ್ಲೂ ಬರೆದಿಲ್ಲ. ಅಧ್ಯಕ್ಷರು ಹೆಸರು ಹೇಳುತ್ತಾರೆ, ಜನ ತಲೆಯಾಡಿಸುತ್ತಾರೆ, ಆಮೇಲೆ ಉಪ್ಪಿಟ್ಟು ಕೇಸರಿಬಾತು ಬರುತ್ತದೆ. ಮೊದಲು ರವಿಕಿರಣ್ ಹೆಸರು ಹೇಳಿದರು, ಅವರ ಹೋಟೆಲಿನ ಮ್ಯಾನೇಜರ್. ಅವನು ಎದ್ದು ಒಪ್ಪಿಗೆ ಎಂದ. ಆಮೇಲೆ ದೀಕ್ಷಿತ್, ಅವರ ಮಹಡಿ ಮನೆಯ ಬಾಡಿಗೆದಾರ. ಅವನೂ ಒಪ್ಪಿಗೆ ಎಂದ. ಮೂರನೆಯದು ನನ್ನ ಹೆಸರು. ಪ್ಯಾರೀಸ್ ಕಾರ್ನರ್‌ನ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಓದಿದವಳು, ಯಾರ ತಂಟೆಗೂ ಹೋಗದವಳು ಎಂದೆಲ್ಲ ಹೊಗಳಿದರು. ನನಗೆ ಒಂದು ಮಾತೂ ಮುಂಚೆ ತಿಳಿಸಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಎದ್ದು ಬೇಡ ಅನ್ನಬೇಕೆಂದುಕೊಂಡೆ. ಸೆರಗಿನ ತುದಿ ಹಿಡಿದುಕೊಂಡು ಕೂತೇ ಇದ್ದೆ.

ಸಂಘದ ಕಾರ್ಯದರ್ಶಿ ವಿನೋದಕ್ಕ ಪುಸ್ತಕದಲ್ಲಿ ಬರೆಯುತ್ತಾ ಇದ್ದವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಏನೂ ಹೇಳಲಿಲ್ಲವಲ್ಲ, ಅವರು ಇದ್ದದ್ದನ್ನೇ ಬರೆದರು: ಮೌನ ಸಮ್ಮತಿ. ಓದಿ ಹೇಳಿದಾಗ ಹಾಲ್‌ನಲ್ಲಿ ನಗುವೋ ನಗು. ಹೆಸರೂ ಅದೇ, ಉತ್ತರವೂ ಅದೇ ಎಂದು ಯಾರೋ ಹಿಂದಿನಿಂದ ಅಂದರು. ನಾನೂ ನಕ್ಕೆ ಅಮ್ಮ. ಅದೇ ನನ್ನ ದೊಡ್ಡ ತಪ್ಪು.

ಈಗ ನೋಡು, ಸುಮ್ಮನಿದ್ದದ್ದೇ ಒಪ್ಪಿಗೆ ಎಂಬ ಅರ್ಥದಲ್ಲಿ ಬರೆದ ಎರಡು ಪದ, ಓದುವವರಿಗೆ ಮೌನ ಎಂಬ ಹೆಂಗಸು ಒಪ್ಪಿದ್ದಾಳೆ ಎಂದೇ ಅರ್ಥವಾಗುತ್ತದೆ. ಮರುದಿನ ವಿನೋದಕ್ಕನ ಮನೆಗೆ ಹೋಗಿ ತಿದ್ದುತ್ತೀರಾ ಎಂದು ಕೇಳಿದೆ. ಪಾಪ, ಅವರು ಹಪ್ಪಳ ಒಣಗಿಸುವುದನ್ನು ಬಿಟ್ಟು ಬಂದು ಪುಸ್ತಕ ತೆರೆದು ತೋರಿಸಿದರು. ಅಧ್ಯಕ್ಷರ ಸಹಿ ಆಗಿಹೋಗಿತ್ತು.

“ನಾನು ಬರ್ದದ್ದು ನೀವು ಮಾತಾಡ್ಲಿಲ್ಲ ಅಂತ ಮಾರಾಯ್ತಿ. ಅವ್ರು ಓದಿದ್ದು ನೀವು ಹೂಂ ಅಂದ್ರಿ ಅಂತ. ಇನ್ನು ಇದನ್ನು ನಾನು ಮುಟ್ಟೂಕಾಗುದಿಲ್ಲ. ಮುಂದಿನ ಸಭೆಯಲ್ಲಿ ಓದುವಾಗ ನೀವೇ ಎದ್ದು ಹೇಳ್ಬೇಕು” ಎಂದರು.

ಮುಂದಿನ ಸಭೆ ನಾಡಿದ್ದು ಭಾನುವಾರ.

ಅಷ್ಟರೊಳಗೆ ಕಾಗದ ಬಂತು. ಕಳೆದ ಸೋಮವಾರ ರಘುರಾಮರೇ ತಂದುಕೊಟ್ಟರು, ಜೊತೆಗೆ ಬಿಸಿ ಬನ್ಸಿನ ಪೊಟ್ಟಣ. ಕಾಲೊನಿಯವರೆಲ್ಲ ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಬ್ಯಾಂಕಿನಿಂದ ತೆಗೆದು, ಅವರ ಅಕ್ಕನ ಮಗ ರೂಪೇಶ್ ಹೊಸದಾಗಿ ತೆರೆದಿರುವ ಫೈನಾನ್ಸ್ ಕಂಪೆನಿಯಲ್ಲಿ ಇಡಲು ಹಣಕಾಸು ಸಮಿತಿಯ ಅನುಮತಿ ಪತ್ರ ಅದು. ಮೂರು ಸಹಿ ಬೇಕು. ಎರಡು ಬಿದ್ದಿವೆ. ಆ ಕಂಪೆನಿಗೆ ಬೋರ್ಡು ಬಿಟ್ಟರೆ ಇನ್ನೇನೂ ಇಲ್ಲ ಎಂದು ನನ್ನ ಆಫೀಸಿನಲ್ಲಿ ವಿಚಾರಿಸಿ ತಿಳಿದುಕೊಂಡಿದ್ದೇನೆ. ಹುಡುಗ ಉದ್ಧಾರವಾದರೆ ಕಾಲೊನಿಗೂ ಒಳ್ಳೆಯದು ಎಂದು ರಘುರಾಮರು ಮನಸಾರೆ ನಂಬಿದ್ದಾರೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಜನವರಿಗೆ ಮನೆಯ ಅಗ್ರಿಮೆಂಟ್ ಮುಗಿಯುತ್ತದಲ್ಲ, ಹೊಸದು ಮಾಡಿಸಲು ಹೇಳಿದ್ದೇನೆ ಎಂದರು. ಬೆದರಿಸಿದರೋ ಉಪಕಾರ ಮಾಡಿದರೋ ನನಗೆ ಇನ್ನೂ ತಿಳಿದಿಲ್ಲ. ಆ ಬನ್ಸನ್ನೆಲ್ಲ ಪ್ರಣಮ್ಯಾಳಿಗೇ ಕೊಟ್ಟುಬಿಟ್ಟೆ.

ಅಭಿಲಾಷನ ಮೇಲೆ ಸಿಟ್ಟಾಗಬೇಡ. ಅವನು ಕೆಲಸಕ್ಕೆಂದು ಪೆರುಂಗುಡಿಗೆ ಹೋಗಿಬರುವುದರಲ್ಲೇ ದಿನಕ್ಕೆ ನಾಲ್ಕು ಗಂಟೆ ಸವೆಸುತ್ತಾನೆ. ಬೇರೆ ಮನೆ, ಬೇರೆ ಸ್ಕೂಲು, ದೊಡ್ಡ ಅಡ್ವಾನ್ಸ್ ಎಂದರೆ ಅವನ ಮುಖ ಬಿಳುಚಿಕೊಳ್ಳುತ್ತದೆ. ಬುಧವಾರ ಬೆಳಿಗ್ಗೆ ಶೂ ಕಟ್ಟುತ್ತಾ, ಟೇಬಲ್ ಮೇಲಿದ್ದ ಆ ಕಾಗದ ನೋಡಿ, ನಗುನಗುತ್ತಲೇ ಅಂದ: “ನಿಂಗೆ ಅಷ್ಟು ಭಯ ಇದ್ರೆ ನಾನೇ ನಿನ್ ಸೈನ್ ಹಾಕ್ಬಿಡ್ತೀನಿ ಬಿಡು.”

ಅವನು ತಮಾಷೆಗೆ ಅಂದನೆಂದೇ ಇಟ್ಟುಕೊಳ್ಳೋಣ. ಆದರೆ ಆ ಮಾತು ಕೇಳಿ ನಾನು ಆಫೀಸಿಗೆ ರಜ ಹಾಕಿದೆ. ಅಟ್ಟದಿಂದ ಅಪ್ಪನ ತಗಡಿನ ಪೆಟ್ಟಿಗೆ ಇಳಿಸಿ, ಅವರು ತೀರಿಕೊಂಡ ಮೇಲೆ ಆರು ವರ್ಷದಲ್ಲಿ ಮೊದಲ ಸಲ ಎಲ್ಲ ಕಾಗದ ಬಿಚ್ಚಿ ಓದಿದೆ.

ಅಮ್ಮ, ನಮ್ಮೂರಿನ ಪಟ್ಟಣ ಪಂಚಾಯಿತಿಯವರೂ ಅಪ್ಪನನ್ನು ಹೀಗೇ ಅಲ್ಲವೇ ಆರಿಸಿದ್ದು? ಹಣಕಾಸು ಸಮಿತಿಗೆ ಊರಿನ ಒಬ್ಬ ಗೌರವಸ್ಥರು ಬೇಕು, ವಾಚ್ ರಿಪೇರಿ ಶಿವರಾಮುಗಿಂತ ಮೆತ್ತನೆಯ ಮನುಷ್ಯ ಎಲ್ಲಿ ಸಿಗುತ್ತಾನೆ ಎಂದರಂತೆ. ಅಂಗಡಿ ಇದ್ದದ್ದು ಪಂಚಾಯಿತಿಯ ಮಳಿಗೆಯಲ್ಲಿ. ಸಮಿತಿಯ ತೀರ್ಮಾನಗಳಿಗೆಲ್ಲ ನಾನು ಬದ್ಧ ಎಂಬ ಒಂದು ಒಪ್ಪಿಗೆ ಪತ್ರ, ಕೆಳಗೆ ಒಂದು ಸಹಿ. ಅಷ್ಟೇ. ಮರುವರ್ಷ, ಬಾರದೇ ಇದ್ದ ಬೀದಿದೀಪಗಳಿಗೆ ದುಡ್ಡು ಹೋಗಿದೆ ಎಂದು ವಿಚಾರಣೆ ಬಂತು. ನನಗಾಗ ಹನ್ನೆರಡು ವರ್ಷ. ನೀನು ಕೊಟ್ಟ ಮಜ್ಜಿಗೆಯ ಚೊಂಬು ಹಿಡಿದು ಅಪ್ಪನ ಜೊತೆ ನಾನೇ ಹೋಗಿದ್ದೆ. ಅಧಿಕಾರಿ ಆ ಪತ್ರವನ್ನು ಮುಂದಿಟ್ಟು ಇದು ನಿಮ್ಮ ಸಹಿಯೇ ಎಂದು ಕೇಳಿದರು. ಅಪ್ಪ ಅದನ್ನು ತುಂಬ ಹೊತ್ತು ನೋಡಿದರು. ಕೆಟ್ಟ ವಾಚನ್ನು ನೋಡುವ ಹಾಗೆ, ಕಣ್ಣು ಹತ್ತಿರ ತಂದು.

“ಹೌದು. ನಂದೇ” ಎಂದರು.

ಆ ಎರಡು ಮಾತಿಗೆ ಮಳಿಗೆ ಹೋಯಿತು. ಊರಿನವರು ಅಪ್ಪನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಗೇಟಿನ ಸದ್ದಾದರೆ ಅಪ್ಪ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ನೀನು ನಮ್ಮಿಬ್ಬರಿಗೂ ಒಂದೇ ಮಾತು ಹೇಳುತ್ತಿದ್ದೆ, ಸುಮ್ಕಿದ್ಬುಡಿ ಅಂತ. ನಾನು ಆ ಮಾತನ್ನು ತುಂಬ ಚೆನ್ನಾಗಿ ಕಲಿತೆ. ಈಗ ಬೆಲ್ ಆದರೆ ಅಡುಗೆಮನೆಯಲ್ಲಿ ನಿಲ್ಲುವವಳು ಅಪ್ಪನ ಮಗಳೇ.

ನಾನು ಒಂದು ಹಾಳೆ ಬರೆದಿಟ್ಟಿದ್ದೇನೆ, ಭಾನುವಾರ ಓದಲು. ಹಣಕಾಸು ಸಮಿತಿಗೆ ಯಾರನ್ನು ಸೇರಿಸಬೇಕಾದರೂ ಮೊದಲು ಅವರನ್ನು ಅವರ ಮನೆಗೆ ಹೋಗಿ ಕೇಳಬೇಕು, ಯೋಚಿಸಲು ಒಂದು ವಾರ ಬಿಡಬೇಕು. ಒಪ್ಪಿಗೆಯನ್ನು ಅವರೇ ಸಭೆಯೆದುರು ಬಾಯಿಬಿಟ್ಟು ಹೇಳಬೇಕು, ಸುಮ್ಮನಿದ್ದರೆ ಇಲ್ಲ ಎಂದೇ ಬರೆಯಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಹೆಸರು ಹೇಳುವವರ ಕೈಕೆಳಗೆ ದುಡಿಯುವವರನ್ನೋ ಅವರ ಮನೆಯಲ್ಲಿ ಬಾಡಿಗೆಗಿರುವವರನ್ನೋ ನೇಮಿಸಬಾರದು. ಬೇಡ ಅಂದರೆ ಬದುಕು ಕಳೆದುಕೊಳ್ಳುವವರಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಒಳ್ಳೆಯವರು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಅಪ್ಪ ಒಳ್ಳೆಯವರೇ ಆಗಿದ್ದರು. ಬೇಡ ಎನ್ನಬಲ್ಲವರು ಬೇಕು ಅಮ್ಮ.

ಬರೆಯುವುದು ಸುಲಭ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಮೂರು ದಿನದಿಂದ ಹೇಳಿ ನೋಡುತ್ತಿದ್ದೇನೆ, ‘ನಾನು ಒಪ್ಪಿರಲಿಲ್ಲ’ ಎಂದು. ನಿನ್ನೆ ನಲ್ಲಿ ನಿಲ್ಲಿಸಿ ಹೇಳಲು ಹೋದೆ, ದನಿ ಹೊರಡಲಿಲ್ಲ. ಭಾನುವಾರವೂ ಹಾಗೇ ಆದರೆ? ವಿನೋದಕ್ಕ ಓದುತ್ತಾರೆ, ಜನ ಮತ್ತೆ ನಗುತ್ತಾರೆ, ನಾನು ಸೆರಗು ಹಿಡಿದುಕೊಂಡು ಕೂತಿರುತ್ತೇನೆ. ನೂರರವತ್ತು ಮನೆಯವರ ಹಣ ಹೋದ ದಿನ ಯಾವುದೋ ಅಧಿಕಾರಿ ನನ್ನ ಮುಂದೆ ಪುಸ್ತಕ ಇಟ್ಟು ಇದು ನೀವೇ ತಾನೆ ಎಂದು ಕೇಳುತ್ತಾನೆ. ಪಕ್ಕದಲ್ಲಿ ಪ್ರಣಮ್ಯಾ ನಿಂತಿರುತ್ತಾಳೆ. ಕಣ್ಣು ಮುಚ್ಚಿದರೆ ಅದೊಂದೇ ಕಾಣುತ್ತದೆ.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಭಾನುವಾರ ಕಳೆದಿರುತ್ತದೆ. ಸುಮ್ಮನಿರು ಎಂದು ಹೇಳಲು ನಿನಗೆ ಸಮಯ ಸಿಗಬಾರದೆಂದೇ ಪೋಸ್ಟ್ ಮಾಡುತ್ತಿದ್ದೇನೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಚಿಕ್ಕಮ್ಮನಿಗೆ ಕೇಳಿದೆನೆಂದು ಹೇಳು, ಕಾಗದ ಮಾತ್ರ ತೋರಿಸಬೇಡ.

ಭಯದಲ್ಲೂ ನಿನ್ನವಳೇ ಆದ,
ಮೌನ

ತಾ.ಕ.: ಪೆಟ್ಟಿಗೆಯಲ್ಲಿ ಆ ಒಪ್ಪಿಗೆ ಪತ್ರದ ಜೆರಾಕ್ಸ್ ಇತ್ತು. ಸಹಿಯಲ್ಲಿ ‘ಶಿವರಾಮು’ ಎಂದಿದೆ. ಅದರ ಕೊನೆಯ ‘ಮು’ವಿನ ಬಾಲ ಮೇಲಕ್ಕೆ ಹೋಗಿ ಸುರುಳಿ ಸುತ್ತಿಕೊಂಡಿದೆ. ಅಪ್ಪ ಯಾವತ್ತೂ ಹಾಗೆ ಬರೆದವರಲ್ಲ. ನೀನು ಪ್ರತಿ ವರ್ಷ ಬರೆಯುವ ‘ಮುದ್ದು ಮೌನ’ದ ‘ಮು’ ಅದು. ಒಂದು ದಿನವೂ ಬಾಯಲ್ಲಿ ಹೇಳದ ಗಂಡನ ಹೆಸರನ್ನು ನೀನು ಬರೆದೆ. ಮಳಿಗೆ ಬಿಡಿಸುತ್ತೇವೆ ಎಂದು ಪಂಚಾಯಿತಿಯವರು ಬಾಗಿಲಿಗೆ ಬಂದು ಹೆದರಿಸಿದ್ದರೇನೋ. ಅಪ್ಪ ಅದನ್ನು ಅಷ್ಟು ಹೊತ್ತು ನೋಡಿದ್ದು ಯಾಕೆ ಎಂದು ನನಗೆ ಈಗ ಗೊತ್ತಾಯಿತು. ಅವರು ನಿನ್ನ ಮೇಲೆ ಸಿಟ್ಟಾಗಲಿಲ್ಲ, ನಾನೂ ಆಗುವುದಿಲ್ಲ. ರಘುರಾಮರು ಕೊಟ್ಟ ಕಾಗದ ಈ ಲಕೋಟೆಯಲ್ಲೇ ಇದೆ, ಎರಡು ಸಹಿಯ ಕೆಳಗೆ ನನ್ನ ಜಾಗ ಖಾಲಿ ಇದೆ. ಇಲ್ಲಿದ್ದರೆ ನನ್ನ ಮೇಲಿನ ಪ್ರೀತಿಗೆ ಯಾರಾದರೂ ತುಂಬಿಬಿಟ್ಟಾರು. ನಿನ್ನ ಹತ್ತಿರ ಇಟ್ಟುಕೊಂಡಿರು. ಈ ಸಲ ಸಹಿ ಹಾಕಬೇಡಮ್ಮ.